ಸ್ಲಾಫ್ಕೋವ್ಸ್ಕಿನಾ, ರೈಟಾ? ಪಕ್ಕದ ಮನೆ ಅಜ್ಜನ ಜೊತೆ ಮೂರು ವರ್ಷದ ವಾದ

ಜೂನ್ 27ರ ಶುಕ್ರವಾರ ನಮ್ಮ ಅಡುಗೆಮನೆಯ ಟೇಬಲ್ ಮೇಲೆ ಎರಡು ಚೀಟಿಗಳಿದ್ದವು. ಒಂದು ನನ್ನದು. ಇನ್ನೊಂದು ಪಕ್ಕದ ಮನೆಯ ಅಜ್ಜನದು. ನಮ್ಮ ಐಸ್ ಹಾಕಿ ತಂಡ ಮಾಂಟ್ರಿಯಲ್ ಕೆನೇಡಿಯನ್ಸ್‌ಗೆ 2025ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಕಾರ್ಯಕ್ರಮದಲ್ಲಿ, 16 ಮತ್ತು 17ನೇ ಆಯ್ಕೆಗಳು ಒಂದರ ಹಿಂದೆ ಒಂದು ಬಂದಿದ್ದವು. ಯಾರನ್ನು ತೆಗೆದುಕೊಳ್ಳಬೇಕು ಅಂತ ಇಬ್ಬರೂ ಐದೈದು ಹುಡುಗರ ಹೆಸರು ಬರೆದಿಟ್ಟಿದ್ದೆವು. ಎರಡೂ ಚೀಟಿಯಲ್ಲಿ ಇದ್ದ ಹೆಸರು ಒಂದೇ ಒಂದು. ಸಂಜೆಗೆ ಒಳ್ಳೆಯ ವಾದ ಕಾದಿತ್ತು.

ಡ್ರಾಫ್ಟ್ ಶುರುವಾಗುವ ಮೊದಲೇ ಮಗ ಫೋನ್ ಹಿಡಿದುಕೊಂಡು ಮೆಟ್ಟಿಲಿಳಿದು ಬಂದ. "ಅಮ್ಮ, ಎರಡೂ ಹೋಯ್ತು" ಅಂದ. 16 ಮತ್ತು 17 ಎರಡನ್ನೂ, ಜೊತೆಗೆ ಎಮಿಲ್ ಹೈನೆಮನ್‌ನನ್ನೂ ನ್ಯೂಯಾರ್ಕ್ ಐಲೆಂಡರ್ಸ್‌ಗೆ ಕೊಟ್ಟು, ನಮ್ಮ ಜನರಲ್ ಮ್ಯಾನೇಜರ್ ಕೆಂಟ್ ಹ್ಯೂಸ್ ಅಲ್ಲಿಂದ ನೋವಾ ಡಾಬ್ಸನ್ ಎಂಬ ಡಿಫೆನ್ಸ್‌ಮನ್‌ನನ್ನು ತಂದಿದ್ದರು. ಒಳ್ಳೆಯ ಆಟಗಾರ. ನನಗೆ ಖುಷಿಯೇ ಆಯಿತು. ಆದರೆ ಆ ಎರಡು ಚೀಟಿಗಳನ್ನು ನೋಡಿದಾಗ ಏನೋ ಕಳೆದುಕೊಂಡ ಹಾಗೆ ಅನಿಸಿತು. ಅಜ್ಜನಿಗೂ ಹಾಗೇ ಆಗಿರಬೇಕು. ತಮ್ಮ ಚೀಟಿ ಮಡಿಸಿ ಅಂಗಿ ಜೇಬಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ವಾದ ಮಾಡೋಕೆ ಏನೂ ಉಳಿಯದ ಆ ಸಂಜೆ ನನಗೆ 2022ರ ವಾದ ನೆನಪಾಯಿತು, ಸ್ಲಾಫ್ಕೋವ್ಸ್ಕಿ, ರೈಟ್ ಎಂಬ ಇಬ್ಬರು ಹುಡುಗರಲ್ಲಿ ನಮ್ಮ ತಂಡ ಯಾರನ್ನು ಕರೆಯಬೇಕು ಅನ್ನೋ ವಾದ. ಅದನ್ನು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ನಾನು ಬೆಳೆದದ್ದು ಸೋಮವಾರಪೇಟೆಯಲ್ಲಿ. ಹಾಕಿ ಅಂದ್ರೆ ನನಗೆ ಕೆಂಪು ಮಣ್ಣಿನ ಮೈದಾನ, ಮೊಣಕಾಲಿನ ಗಾಯ. ಮದುವೆಯಾಗಿ ಮಾಂಟ್ರಿಯಲ್‌ನ ವೆರ್ಡನ್ ಬಡಾವಣೆಗೆ ಬಂದ ಮೇಲೆ ಹಾಕಿ ಅಂದರೆ ಐಸ್ ಆಯಿತು, ಚೆಂಡಿನ ಬದಲು ಪಕ್ ಆಯಿತು. ಮೊದಲನೇ ಚಳಿಗಾಲ ನನಗೆ ಇಲ್ಲಿ ಗುರುತಿದ್ದವರೇ ಇರಲಿಲ್ಲ. ಬಾಗಿಲು ತಟ್ಟಿ "ಇವತ್ತು ಮ್ಯಾಚ್ ಇದೆ, ನಮ್ಮಲ್ಲಿಗೆ ಬನ್ನಿ" ಅಂದವರು ಈ ಅಜ್ಜ. ಸಿಟಿ ಬಸ್ ಓಡಿಸಿ ರಿಟೈರ್ ಆದವರು. ಹುಟ್ಟಿದ್ದು ವೆರ್ಡನ್‌ನಲ್ಲಿ, ಬೆಳೆದದ್ದು ವೆರ್ಡನ್‌ನಲ್ಲಿ. ನನಗೆ ಆಫ್‌ಸೈಡ್ ಅಂದರೇನು ಅಂತ ಸಕ್ಕರೆ ಡಬ್ಬಿ, ಚಮಚ ಇಟ್ಟು ಹೇಳಿಕೊಟ್ಟವರು ಅವರೇ.

ಡ್ರಾಫ್ಟ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಐಪಿಎಲ್ ಹರಾಜಿನ ಹಾಗೆ ಇಲ್ಲಿ ಯಾರೂ ಹಣ ಕೂಗುವುದಿಲ್ಲ. ಎನ್‌ಎಚ್‌ಎಲ್ ಅಂದರೆ ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್, ಅದರಲ್ಲಿ 32 ತಂಡಗಳಿವೆ. ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬುವ ಹುಡುಗರ ಹೆಸರನ್ನು ತಂಡಗಳು ಒಂದಾದ ಮೇಲೆ ಒಂದು ಕರೆಯುತ್ತವೆ. ಒಟ್ಟು ಏಳು ಸುತ್ತು. ಸೋತ ತಂಡಗಳಿಗೆ ಮೊದಲ ಸರದಿ. ಆದರೆ ಬೇಕಂತಲೇ ಸೋಲಬಾರದು ಅಂತ ಮೇಲಿನ ಸರದಿಗೆ ಲಾಟರಿ ಇಟ್ಟಿದ್ದಾರೆ. 14 ಚೆಂಡು ತಿರುಗಿಸಿ ನಾಲ್ಕು ತೆಗೆಯುತ್ತಾರೆ. ಕಟ್ಟಕಡೆಯ ತಂಡಕ್ಕೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ನೂರಕ್ಕೆ 25.5 ಮಾತ್ರ. ಹೆಸರು ಕರೆದ ತಂಡವೇ ಆ ಹುಡುಗನ ತಂಡ. ಅವನು ಯಾವ ಊರಿಗೆ ಹೋಗಬೇಕು ಅಂತ ಅವನನ್ನು ಕೇಳುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

2021ರ ಬೇಸಿಗೆಯಲ್ಲಿ ಲೀಗ್‌ನ ಸ್ಟಾನ್ಲಿ ಕಪ್ ಫೈನಲ್ ಆಡಿದ್ದ ನಮ್ಮ ತಂಡ, ಮುಂದಿನ ಸೀಸನ್‌ನಲ್ಲಿ 82 ಪಂದ್ಯಗಳಲ್ಲಿ 22 ಗೆದ್ದಿತು. ಇಡೀ ಲೀಗ್‌ನಲ್ಲಿ ಕೊನೆ. 2022ರ ಮೇ 10ರಂದು ಲಾಟರಿ ನಮಗೇ ಬಂತು. ಅದೂ ಎಂಥ ವರ್ಷ! ಆ ಸಲ ಡ್ರಾಫ್ಟ್ ನಡೆಯುವುದೇ ಮಾಂಟ್ರಿಯಲ್‌ನಲ್ಲಿ, ನಮ್ಮದೇ ಬೆಲ್ ಸೆಂಟರ್‌ನಲ್ಲಿ. ಮೇ 10ರಿಂದ ಜುಲೈ 7ರವರೆಗೆ ಈ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ದಂತವೈದ್ಯರ ಹತ್ತಿರ ಹೋದರೂ ಅದೇ. ಬಾಯಿ ತೆರೆದುಕೊಂಡು ಮಲಗಿದ್ದೇನೆ, ಅವರು "ರೈಟ್ ತಾನೇ?" ಅಂತ ಕೇಳುತ್ತಿದ್ದಾರೆ. ನಾನು ತಲೆ ಆಡಿಸಿದೆ.

ಹೌದು, ನಾನು ಶೇನ್ ರೈಟ್ ಕಡೆ ಇದ್ದೆ.

ನನ್ನ ಹತ್ತಿರ ಲೆಕ್ಕ ಗಟ್ಟಿಯಾಗಿತ್ತು. ರೈಟ್ ಒಂಟಾರಿಯೋದ ಹುಡುಗ. ಅಲ್ಲಿನ ಜೂನಿಯರ್ ಲೀಗ್‌ಗೆ ಹದಿನೈದನೇ ವಯಸ್ಸಿನಲ್ಲೇ ವಿಶೇಷ ಅನುಮತಿ ಪಡೆದು ಬಂದವನು. ಆ ಅನುಮತಿ ಬಹಳ ಕಡಿಮೆ ಜನಕ್ಕೆ ಸಿಕ್ಕಿದೆ. ಕಿಂಗ್‌ಸ್ಟನ್ ತಂಡದಲ್ಲಿ ಮೊದಲ ವರ್ಷವೇ 58 ಪಂದ್ಯಗಳಲ್ಲಿ 39 ಗೋಲು. ಕೋವಿಡ್‌ನಿಂದ ಮರುವರ್ಷ ಆ ಲೀಗ್ ನಡೆಯಲೇ ಇಲ್ಲ. ಆದರೂ 2021ರ 18ರೊಳಗಿನವರ ವಿಶ್ವ ಟೂರ್ನಿಯಲ್ಲಿ ಕೆನಡಾದ ಕ್ಯಾಪ್ಟನ್ ಆಗಿ ಐದು ಪಂದ್ಯಕ್ಕೆ ಒಂಬತ್ತು ಗೋಲು ಹೊಡೆದು ಚಿನ್ನ ತಂದ. ಡ್ರಾಫ್ಟ್ ವರ್ಷದಲ್ಲಿ 63 ಪಂದ್ಯ, 94 ಪಾಯಿಂಟ್. ಗೋಲಿಗೆ ಒಂದು ಪಾಯಿಂಟ್, ಗೋಲಿಗೆ ಪಾಸ್ ಕೊಟ್ಟರೂ ಒಂದು ಪಾಯಿಂಟ್, ಅದು ಇಲ್ಲಿನ ಲೆಕ್ಕ. ಎಲ್ಲಕ್ಕಿಂತ ಹೆಚ್ಚಾಗಿ ರೈಟ್ ಸೆಂಟರ್, ಅಂದರೆ ಮುಂದಿನ ಸಾಲಿನ ಮಧ್ಯದಲ್ಲಿ ಆಡುವವನು. ನಮ್ಮಲ್ಲಿ ನಿಕ್ ಸುಜುಕಿ ಬಿಟ್ಟರೆ ನಂಬುವಂಥ ಸೆಂಟರ್ ಇರಲಿಲ್ಲ.

ಮಗನಿಗೆ ಆಗ ಹದಿಮೂರು. ಅವನು ಯುರಾಯ್ ಸ್ಲಾಫ್ಕೋವ್ಸ್ಕಿ ಅಂತ ಹಟ ಹಿಡಿದಿದ್ದ. ಸ್ಲೊವಾಕಿಯಾದ ಕೊಶಿಟ್ಸೆ ಊರಿನವನು, ವಿಂಗರ್, ಅಂದರೆ ಮುಂದಿನ ಸಾಲಿನ ಬದಿಯಲ್ಲಿ ಆಡುವವನು. ಆರು ಅಡಿ ಮೂರು ಇಂಚು ಎತ್ತರ, ನೂರು ಕಿಲೋ ದಾಟಿದ ಮೈ. ಆ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 17ರ ಹುಡುಗ ಏಳು ಪಂದ್ಯಕ್ಕೆ ಏಳು ಗೋಲು ಹೊಡೆದು ಟೂರ್ನಿಯ ಶ್ರೇಷ್ಠ ಆಟಗಾರನಾದ. ಸ್ಲೊವಾಕಿಯಾಕ್ಕೆ ಕಂಚು ಬಂತು, ಒಲಿಂಪಿಕ್ ಹಾಕಿಯಲ್ಲಿ ಆ ದೇಶದ ಮೊದಲ ಪದಕ. ಮಗ ಬೆಳಿಗ್ಗೆ ಎದ್ದು ಆ ಪಂದ್ಯಗಳನ್ನು ನೋಡಿದ್ದ. ಅವನ ಪಾಲಿಗೆ ಅಲ್ಲಿಗೆ ಮಾತು ಮುಗಿದಿತ್ತು.

ನಾನು ಬಿಡಲಿಲ್ಲ. "ಆ ಒಲಿಂಪಿಕ್ಸ್‌ಗೆ ಎನ್‌ಎಚ್‌ಎಲ್ ಆಟಗಾರರೇ ಹೋಗಿರಲಿಲ್ಲ, ಗೊತ್ತಾ?" ಅಂದೆ. "ಏಳು ಪಂದ್ಯ ನೋಡಿ ಹತ್ತು ವರ್ಷದ ತೀರ್ಮಾನ ಮಾಡ್ತೀಯಾ? ಫಿನ್‌ಲ್ಯಾಂಡ್ ಲೀಗ್‌ನಲ್ಲಿ ಅವನು 31 ಪಂದ್ಯಕ್ಕೆ ಹತ್ತೇ ಪಾಯಿಂಟ್ ತೆಗೆದಿದ್ದಾನೆ. ಹತ್ತು! ರೈಟ್‌ದು 94."

ಮಗ ಪಾಪ ಏನೂ ಹೇಳಲಾಗದೆ ಅಜ್ಜನ ಮುಖ ನೋಡಿದ.

ಅಜ್ಜ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಆ ಹತ್ತು ಪಾಯಿಂಟ್ ಯಾರ ಎದುರು ಬಂದದ್ದು?"

ಫಿನ್‌ಲ್ಯಾಂಡ್‌ನ ಆ ಲೀಗ್‌ನಲ್ಲಿ ಆಡುವವರು ದೊಡ್ಡವರು. ಮೂವತ್ತು ದಾಟಿದವರು, ಮಕ್ಕಳಿರುವವರು, ಹಾಕಿಯಿಂದಲೇ ಸಂಸಾರ ನಡೆಸುವವರು. ಒಂಟಾರಿಯೋ ಲೀಗ್‌ನಲ್ಲಿ ಆಡುವವರು 16ರಿಂದ 20ರ ಹುಡುಗರು. ಹತ್ತು ಮತ್ತು 94 ಒಂದೇ ತಕ್ಕಡಿಯ ಎರಡು ತಟ್ಟೆಯಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಆದರೆ 94 ದೊಡ್ಡ ಸಂಖ್ಯೆ. ಕಣ್ಣಿಗೆ ಹೊಡೆಯುತ್ತದೆ. ಅದನ್ನು ಹಿಡಿದುಕೊಂಡರೆ ವಾದ ಗೆಲ್ಲೋದು ಸುಲಭ.

ಅಜ್ಜ ಯಾರ ಪರ ಇದ್ದರು ಅಂತ ಕೊನೆಯವರೆಗೂ ಹೇಳಲಿಲ್ಲ. ಕೇಳಿದರೆ ಡೆನಿ ಸಾವಾರ್ ಕಥೆ ಹೇಳುತ್ತಿದ್ದರು. ಆ ಕಥೆಯನ್ನು ನಾನು ಇಪ್ಪತ್ತು ಸಲ ಕೇಳಿದ್ದೇನೆ. ಇಲ್ಲಿ ಬರೆಯದೆ ಇರಲಾರೆ.

1980. ಕೆನೇಡಿಯನ್ಸ್ 1976ರಿಂದ 79ರವರೆಗೆ ಸತತ ನಾಲ್ಕು ಕಪ್ ಗೆದ್ದಿದ್ದ ಕಾಲ. ಅಂಥ ತಂಡಕ್ಕೆ ಮೊದಲ ಆಯ್ಕೆ ಹೇಗೆ ಬಂತು ಅಂದರೆ, ಹಿಂದೆ ಕೊಲರಾಡೋ ರಾಕೀಸ್ ತಂಡದ ಜೊತೆ ಮಾಡಿಕೊಂಡಿದ್ದ ಒಂದು ವಿನಿಮಯದಿಂದ. ಆ ವರ್ಷವೂ ಡ್ರಾಫ್ಟ್ ಮಾಂಟ್ರಿಯಲ್‌ನಲ್ಲೇ, ಹಳೆಯ ಫೋರಂನಲ್ಲಿ. ಆಗ ಈ ಊರಿನ ಬಾಯಲ್ಲಿ ಇದ್ದ ಹೆಸರು ಡೆನಿ ಸಾವಾರ್. ಬೆಳೆದದ್ದು ಇದೇ ವೆರ್ಡನ್‌ನಲ್ಲಿ. ಮಾಂಟ್ರಿಯಲ್ ಜೂನಿಯರ್ ತಂಡದಲ್ಲಿ ಸಾವಾರ್, ಸೀರ್, ತ್ರಾಂಬ್ಲೆ ಅಂತ ಮೂವರು ಒಟ್ಟಿಗೆ ಆಡುತ್ತಿದ್ದರು. ಮೂವರ ಹೆಸರೂ ಡೆನಿ. ಮೂವರೂ ಹುಟ್ಟಿದ್ದು 1961ರ ಫೆಬ್ರವರಿ 4ರಂದು! ಬೆಳೆದದ್ದೂ ಒಂದೇ ಕೇರಿಯಲ್ಲಿ. ಕಟ್ಟುಕಥೆ ಅಂತ ನಾನು ಮೊದಲು ಅಂದುಕೊಂಡಿದ್ದೆ. ನಿಜವಾಗಿಯೂ ಹಾಗೇ ಇತ್ತು. ಆ ವರ್ಷ ಸಾವಾರ್ 72 ಪಂದ್ಯಕ್ಕೆ 181 ಪಾಯಿಂಟ್ ತೆಗೆದಿದ್ದ.

ತಂಡ ಕರೆದದ್ದು ಡಗ್ ವಿಕೆನ್‌ಹೈಸರ್ ಹೆಸರು. ಪಶ್ಚಿಮದ ರಿಜೈನಾ ತಂಡದ ಸೆಂಟರ್. ಅವನೂ ಸಾಮಾನ್ಯನಲ್ಲ. 71 ಪಂದ್ಯಕ್ಕೆ 89 ಗೋಲು, 170 ಪಾಯಿಂಟ್. ಸಾವಾರ್‌ಗಿಂತ ಎತ್ತರ, ಗಟ್ಟಿ ಮೈ. ಆ ದಿನ ಎಲ್ಲ ಲೆಕ್ಕ ಹಾಕಿದರೂ ಅದು ಹುಚ್ಚು ಆಯ್ಕೆ ಆಗಿರಲಿಲ್ಲ ಅಂತ ಅಜ್ಜ ಇವತ್ತಿಗೂ ಹೇಳುತ್ತಾರೆ. ಸಾವಾರ್ ಮೂರನೆಯವನಾಗಿ ಶಿಕಾಗೋಗೆ ಹೋದ. ಮೊದಲ ವರ್ಷವೇ 75 ಪಾಯಿಂಟ್. ಕೊನೆಗೆ ಒಟ್ಟು 1,338 ಪಾಯಿಂಟ್ ಮಾಡಿ ಹಾಲ್ ಆಫ್ ಫೇಮ್ ಸೇರಿದ. ವಿಕೆನ್‌ಹೈಸರ್ ಮೊದಲ ವರ್ಷ 41 ಪಂದ್ಯ ಆಡಿ 15 ಪಾಯಿಂಟ್ ತೆಗೆದ.

ಅಜ್ಜನಿಗೆ ಆಗ ಇಪ್ಪತ್ತನಾಲ್ಕು. "ನಾವು ಆ ಹುಡುಗನಿಗೆ ಮಾಡಿದ್ದು ಸರಿ ಇರಲಿಲ್ಲ" ಅನ್ನುತ್ತಾರೆ. ಅವನು ಪಕ್ ಕಳೆದುಕೊಂಡಾಗಲೆಲ್ಲ ಇವರು, ಇವರ ಗೆಳೆಯರು "ಸಾವಾರ್, ಸಾವಾರ್" ಅಂತ ಕೂಗುತ್ತಿದ್ದರಂತೆ. ಹತ್ತೊಂಬತ್ತು ವರ್ಷದ ಹುಡುಗ. ಈ ಊರನ್ನು ಆರಿಸಿಕೊಂಡವನು ಅವನಲ್ಲ. ಈ ಊರಿನ ಭಾಷೆಯೂ ಅವನದಲ್ಲ. 1983ರಲ್ಲಿ ಅವನನ್ನು ಸೇಂಟ್ ಲೂಯಿಸ್‌ಗೆ ಕಳಿಸಿದರು. ಅಲ್ಲಿ 1986ರ ಪ್ಲೇಆಫ್‌ನಲ್ಲಿ, 5-2ರಿಂದ ಹಿಂದಿದ್ದ ತಂಡ ಸಮಕ್ಕೆ ಬಂದ ಪಂದ್ಯದ ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲು ಹೊಡೆದದ್ದು ಇದೇ ವಿಕೆನ್‌ಹೈಸರ್. ಸೇಂಟ್ ಲೂಯಿಸ್‌ನವರು ಅದನ್ನು ಮರೆತಿಲ್ಲ. 1999ರ ಜನವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. 37 ವರ್ಷ. ಸಾವಾರ್ ಮುಂದೆ 1990ರಲ್ಲಿ ಮಾಂಟ್ರಿಯಲ್‌ಗೆ ಬಂದ, 1993ರಲ್ಲಿ ಇಲ್ಲೇ ಕಪ್ ಗೆದ್ದ. ಅಜ್ಜನಿಗೆ ಅದರಿಂದ ಸಮಾಧಾನ ಆಗಿಲ್ಲ. ಸುದ್ದಿಯಲ್ಲಿ ವಿಕೆನ್‌ಹೈಸರ್ ಸಾವು ಕೇಳಿದ ದಿನ ಬಸ್ಸನ್ನು ಡಿಪೋಗೆ ತಂದು ನಿಲ್ಲಿಸಿ, ಅದರಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ ಅಂತ ಒಮ್ಮೆ ಹೇಳಿದರು.

2022ರ ಜುಲೈ 7, ಗುರುವಾರ ಸಂಜೆ. ಟಿಕೆಟ್ ಸಿಗಲಿಲ್ಲ. ನಮ್ಮ ಮನೆ ಟಿವಿ ಮುಂದೆ ಒಂಬತ್ತು ಜನ. ಹೆಸರು ಬಂತು. ಸ್ಲಾಫ್ಕೋವ್ಸ್ಕಿ. ಮಗ ಸೋಫಾದಿಂದ ಹಾರಿದ. ನನಗೆ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಮುಂದಿನ ಆಯ್ಕೆ ನ್ಯೂಜೆರ್ಸಿಯದು. ಅವರೂ ರೈಟ್‌ನನ್ನು ಕರೆಯಲಿಲ್ಲ. ಸ್ಲೊವಾಕಿಯಾದವನೇ ಆದ ಶಿಮೋನ್ ನೆಮೆಟ್ಸ್‌ನನ್ನು ಕರೆದರು. ಮೊದಲ ಇಬ್ಬರೂ ಸ್ಲೊವಾಕ್ ಹುಡುಗರು, ಹಿಂದೆಂದೂ ಹಾಗೆ ಆಗಿರಲಿಲ್ಲ. ಮೂರನೆಯದು ಅರಿಜೋನಾ, ಲೋಗನ್ ಕೂಲಿ. ಎರಡು ವರ್ಷದಿಂದ ಎಲ್ಲರೂ ಮೊದಲನೆಯವನು ಅಂದುಕೊಂಡಿದ್ದ ಹುಡುಗ ನಾಲ್ಕನೆಯವನಾಗಿ ಸಿಯಾಟಲ್‌ಗೆ ಹೋದ. ಕ್ಯಾಮೆರಾ ಅಷ್ಟು ಹೊತ್ತೂ ಅವನ ಮುಖದ ಮೇಲೇ ಇತ್ತು. ಸ್ಟೇಜ್‌ಗೆ ಹೋಗುವಾಗ ಮಾಂಟ್ರಿಯಲ್ ಟೇಬಲ್ ಕಡೆ ದುರುಗುಟ್ಟಿ ನೋಡಿದ ಅಂತ ಮರುದಿನ ಎಲ್ಲ ಕಡೆ ವಿಡಿಯೋ. ಅವನು ಹಾಗೇನಿಲ್ಲ ಅಂದ. ನಾನು ಅವನನ್ನು ನಂಬುತ್ತೇನೆ. ಹದಿನೆಂಟರ ಹುಡುಗ, ಅಪ್ಪ ಅಮ್ಮ ಪಕ್ಕದಲ್ಲಿ, ಸಾವಿರಾರು ಜನ ನೋಡುತ್ತಿದ್ದಾರೆ. ಕಣ್ಣು ಎಲ್ಲಿ ಹೋಯಿತು ಅಂತ ಅವನಿಗೇ ಗೊತ್ತಿರುತ್ತದಾ?

ಅದೇ ರಾತ್ರಿ ಹ್ಯೂಸ್ ಎರಡು ವಿನಿಮಯ ಮಾಡಿ, ಶಿಕಾಗೋದಿಂದ ಕರ್ಬಿ ಡಾಕ್ ಎಂಬ ಸೆಂಟರ್‌ನನ್ನು ತಂದರು. ಸೆಂಟರ್ ಬೇಕು ಅನ್ನುವುದು ಅವರಿಗೂ ಗೊತ್ತಿತ್ತು. ಆದರೆ ಅದಕ್ಕೋಸ್ಕರ ಮೊದಲ ಆಯ್ಕೆ ಖರ್ಚು ಮಾಡಲಿಲ್ಲ. ಇದು ನನಗೆ ಅರ್ಥ ಆಗೋಕೆ ಬಹಳ ದಿನ ಬೇಕಾಯಿತು. ಅರ್ಥ ಮಾಡಿಸಿದ್ದು 2018ರ ನೆನಪು. ಆ ವರ್ಷವೂ ನಾವು "ಸೆಂಟರ್ ಬೇಕು, ಸೆಂಟರ್ ಬೇಕು" ಅಂತ ಜಪ ಮಾಡಿದ್ದೆವು. ತಂಡ ಮೂರನೇ ಆಯ್ಕೆಯಲ್ಲಿ ಯೆಸ್ಪೆರಿ ಕೊಟ್ಕಾನಿಯೆಮಿಯನ್ನು ಕರೆಯಿತು, ಸೆಂಟರ್. ನಾಲ್ಕನೆಯವನಾಗಿ ಬ್ರೇಡಿ ಕಚಕ್ ಒಟ್ಟಾವಾಗೆ ಹೋಗಿ ಅಲ್ಲಿ ಕ್ಯಾಪ್ಟನ್ ಆದ. ಏಳನೆಯವನು ಕ್ವಿನ್ ಹ್ಯೂಸ್. ಹನ್ನೆರಡನೆಯವನು ಯಾರು ಗೊತ್ತಾ? 2025ರ ಜೂನ್‌ನಲ್ಲಿ ಎರಡು ಆಯ್ಕೆ ಕೊಟ್ಟು ತಂದೆವಲ್ಲ, ಅದೇ ನೋವಾ ಡಾಬ್ಸನ್. ಕೊಟ್ಕಾನಿಯೆಮಿ ಮೂರು ವರ್ಷಕ್ಕೆ ಕ್ಯಾರೊಲೈನಾ ಪಾಲಾದ. ಹದಿನೆಂಟರ ಹುಡುಗ ತಯಾರಾಗೋಕೆ ಮೂರು ನಾಲ್ಕು ವರ್ಷ ಬೇಕು. ಇವತ್ತು ತಂಡದಲ್ಲಿ ಇರುವ ತೂತು ಆ ಹೊತ್ತಿಗೆ ಬೇರೆ ಕಡೆ ಇರುತ್ತದೆ.

ಸ್ಲಾಫ್ಕೋವ್ಸ್ಕಿಯ ಮೊದಲ ಗೋಲು ನಾನು ಕಣ್ಣಾರೆ ನೋಡಿದೆ. 2022ರ ಅಕ್ಟೋಬರ್ 20, ಅರಿಜೋನಾ ಎದುರು, ಬೆಲ್ ಸೆಂಟರ್. ಮಗನ ಹುಟ್ಟುಹಬ್ಬಕ್ಕೆ ಅಂತ ಮೇಲಿನ ಕೊನೆಯ ಸಾಲಿನ ಟಿಕೆಟ್ ತೆಗೆದಿದ್ದೆ. ಆ ಸದ್ದು ಕಾಂಕ್ರೀಟ್ ಮೂಲಕ ಪಾದಕ್ಕೆ ಬಂತು. ಆಮೇಲೆ ಕಷ್ಟದ ದಿನಗಳು. 39 ಪಂದ್ಯಕ್ಕೆ ನಾಲ್ಕು ಗೋಲು, ಹತ್ತು ಪಾಯಿಂಟ್. ಜನವರಿಯಲ್ಲಿ ಗಾಯವಾಗಿ ಸೀಸನ್ ಮುಗಿಯಿತು. ತಲೆ ಕೆಳಗೆ ಹಾಕಿಕೊಂಡು ಐಸ್ ಮಧ್ಯೆ ಬರುತ್ತಿದ್ದ, ದೊಡ್ಡ ದೊಡ್ಡ ಪೆಟ್ಟು ತಿನ್ನುತ್ತಿದ್ದ. ಇತ್ತ ರೈಟ್ ತನ್ನ ಮೊದಲ ಎನ್‌ಎಚ್‌ಎಲ್ ಗೋಲು ಹೊಡೆದದ್ದು ಯಾರ ಎದುರು? ನಮ್ಮ ಎದುರೇ, ಡಿಸೆಂಬರ್ 6ರಂದು. ಅವತ್ತು ರಾತ್ರಿ ನಾನು ಅಜ್ಜನಿಗೆ ಮೆಸೇಜ್ ಮಾಡಿದೆ. "ನೋಡಿದ್ರಾ?" ಅಂತ ಅಷ್ಟೇ. ಉತ್ತರ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲಿನ ಹಿಮ ಗುಡಿಸುವಾಗ ಸಿಕ್ಕರು. "ನಿನಗೆ ಖುಷಿ ಆಯ್ತಾ?" ಅಂತ ಕೇಳಿದರು. ಕೋಪದಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯಬೇಕು ಅನ್ನುವ ಹಾಗೆ ಕೇಳಿದರು. ಖುಷಿ ಆಗಿತ್ತು. ಅದೇ ನನಗೆ ಚುಚ್ಚಿದ್ದು. ನನ್ನ ತಂಡದ ಹುಡುಗ ಕಷ್ಟಪಡುತ್ತಿದ್ದಾನೆ, ನನ್ನ ವಾದ ಸರಿಯಾಯಿತು ಅಂತ ನನಗೆ ಒಳಗೊಳಗೇ ಹಿತವಾಗುತ್ತಿದೆ. ಗ್ಯಾಲರಿಯಲ್ಲಿ "ಸಾವಾರ್" ಅಂತ ಕೂಗಿದವರಿಗೂ ನನಗೂ ಏನು ವ್ಯತ್ಯಾಸ?

ಅವತ್ತಿನಿಂದ ನಾನು ಆಟ ನೋಡುವ ರೀತಿ ಬದಲಾಯಿತು. ಸ್ಲಾಫ್ಕೋವ್ಸ್ಕಿಯ ಪಾಯಿಂಟ್ ಎಣಿಸೋದು ಬಿಟ್ಟು ಅವನನ್ನೇ ನೋಡೋಕೆ ಶುರು ಮಾಡಿದೆ. 2023ರ ಚಳಿಗಾಲ ಬರುವ ಹೊತ್ತಿಗೆ ಅವನ ತಲೆ ಮೇಲೆ ಬಂದಿತ್ತು. ಪಕ್ ಐಸ್ ಸುತ್ತಲಿನ ಗೋಡೆಯ ಹತ್ತಿರ ಸಿಕ್ಕರೆ, ಬೆನ್ನು ಕೊಟ್ಟು ನಿಂತರೆ ಸಾಕು, ಯಾರಿಗೂ ಕಿತ್ತುಕೊಳ್ಳಲು ಆಗುತ್ತಿರಲಿಲ್ಲ. ಗೋಲು ಇನ್ನೂ ಬರುತ್ತಿರಲಿಲ್ಲ. ಆದರೆ ಬರುತ್ತದೆ ಅಂತ ಕಾಣಿಸುತ್ತಿತ್ತು. ಕೋಚ್ ಮಾರ್ಟಿನ್ ಸೇಂಟ್ ಲೂಯಿ ಅವನನ್ನು ಸುಜುಕಿ ಮತ್ತು ಕೋಲ್ ಕೋಫೀಲ್ಡ್ ಜೊತೆ ಆಡಿಸಿದರು. ಆಮೇಲೆ ತಡೆಯೋರಿಲ್ಲ. 2024ರ ಏಪ್ರಿಲ್ 9ರಂದು ಫಿಲಡೆಲ್ಫಿಯಾ ಎದುರು ಹ್ಯಾಟ್ರಿಕ್, ಪಂದ್ಯ 9-3. ಸೀಸನ್ ಮುಗಿದಾಗ 20 ಗೋಲು, 50 ಪಾಯಿಂಟ್. ಜುಲೈ 1ಕ್ಕೆ ಎಂಟು ವರ್ಷದ ಒಪ್ಪಂದ, 6 ಕೋಟಿ 8 ಲಕ್ಷ ಡಾಲರ್. ಮೊದಲ ವರ್ಷದ ಹತ್ತು ಪಾಯಿಂಟ್ ನೋಡಿ "ವೇಸ್ಟ್" ಅಂದಿದ್ದವರು ಎಷ್ಟು ಜನ!

ಹಾಗಂತ ರೈಟ್ ವಿಷಯದಲ್ಲಿ ನಾನು ತಪ್ಪು ಅಂತ ಒಪ್ಪಲಾರೆ. ಅವನಿಗೆ ಸಿಯಾಟಲ್ ಸಮಯ ಕೊಟ್ಟಿತು. ಕೆಳಗಿನ ಲೀಗ್‌ನಲ್ಲಿ ಬೆಳೆಯೋಕೆ ಬಿಟ್ಟಿತು. 2024-25ರಲ್ಲಿ 19 ಗೋಲು, 44 ಪಾಯಿಂಟ್. ಅದೇ ಸೀಸನ್‌ನಲ್ಲಿ ಸ್ಲಾಫ್ಕೋವ್ಸ್ಕಿ 18 ಗೋಲು, 51 ಪಾಯಿಂಟ್. ಮೂರನೆಯವನಾಗಿ ಹೋಗಿದ್ದ ಕೂಲಿ ಇಬ್ಬರನ್ನೂ ಮೀರಿಸಿ 65 ಪಾಯಿಂಟ್ ತೆಗೆದ! ನಮ್ಮ ಮನೆಯ ಒಂಬತ್ತು ಜನರಲ್ಲಿ ಕೂಲಿ ಅಂದವರು ಒಬ್ಬರೂ ಇರಲಿಲ್ಲ. ಆಗಿನ್ನೂ ಮೂವರಿಗೂ 21. ನಾನು ತಪ್ಪಿದ್ದು ಹೆಸರಿನಲ್ಲಲ್ಲ. ಹುಡುಗ ಏನು ಮಾಡಿ ಮುಗಿಸಿದ್ದಾನೆ ಅಂತ ನೋಡಿದೆ. ಇನ್ನು ಏನೇನು ಬೆಳೆಯೋಕೆ ಬಾಕಿ ಇದೆ ಅಂತ ಕೇಳಲಿಲ್ಲ. ರೈಟ್ ಪರವಾಗಿ ಅದನ್ನೇ ಕೇಳಿದ್ದರೂ ನನ್ನ ವಾದ ಗಟ್ಟಿಯಾಗುತ್ತಿತ್ತು. ಒಂದು ಇಡೀ ವರ್ಷ ಆಡೋಕೇ ಸಿಗದ ಹುಡುಗ ಅವನು, ಅಲ್ವಾ?

ಆ ಜುಲೈನ ದೊಡ್ಡ ಕಥೆ ಇನ್ನೊಂದಿದೆ. ಮರುದಿನ, ಎರಡನೇ ಸುತ್ತಿನಲ್ಲಿ, 62ನೇ ಆಯ್ಕೆ. ಲೇನ್ ಹಟ್ಸನ್. ಡಿಫೆನ್ಸ್ ಆಡುವವನು, ಎತ್ತರ ಐದು ಅಡಿ ಎಂಟು ಇಂಚು. ಡಿಫೆನ್ಸ್‌ಗೆ ಅಷ್ಟು ಚಿಕ್ಕವರನ್ನು ತಂಡಗಳು ನಂಬುವುದಿಲ್ಲ. ಎರಡು ತಿಂಗಳು ಸ್ಲಾಫ್ಕೋವ್ಸ್ಕಿ, ರೈಟ್ ಅಂತ ಗಂಟಲು ಹರಿದುಕೊಂಡ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಟಿವಿ ಮುಂದೆ ಇದ್ದದ್ದು ಅಜ್ಜ ಒಬ್ಬರೇ. ನಾನು ಬಟ್ಟೆ ಮಡಿಸುತ್ತಿದ್ದೆ. 2024-25ರಲ್ಲಿ ಅದೇ ಹಟ್ಸನ್ 66 ಪಾಯಿಂಟ್ ತೆಗೆದು, ವರ್ಷದ ಶ್ರೇಷ್ಠ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದ. ಮಾಂಟ್ರಿಯಲ್ ಕೂಡ ಅವನನ್ನು ಮೂರು ಸಲ ದಾಟಿ ಹೋಗಿತ್ತು, 1ರಲ್ಲಿ, 26ರಲ್ಲಿ, 33ರಲ್ಲಿ. ಬೇರೆಯವರು ಇನ್ನೂ ಜಾಸ್ತಿ ದಾಟಿದರು ಅನ್ನೋದೇ ನಮ್ಮ ಪುಣ್ಯ.

2023ರ ವಾದ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರ ನೆನಪು ಹಿತವಾಗಿಲ್ಲ. ಐದನೇ ಆಯ್ಕೆ. ರಷ್ಯಾದ ಮಾತ್ವೆ ಮಿಚ್ಕೋವ್ ಇನ್ನೂ ಉಳಿದಿದ್ದ. ಗೋಲು ಹೊಡೆಯುವುದರಲ್ಲಿ ಆ ವರ್ಷ ಅವನಿಗೆ ಸಾಟಿ ಬಹಳ ಕಡಿಮೆ. ಆದರೆ ರಷ್ಯಾದಲ್ಲಿ 2026ರವರೆಗೆ ಒಪ್ಪಂದ ಇತ್ತು. ತಂಡ ಆಸ್ಟ್ರಿಯಾದ ಡಿಫೆನ್ಸ್‌ಮನ್ ಡೇವಿಡ್ ರೈನ್‌ಬಾಕರ್‌ನನ್ನು ಕರೆಯಿತು. ಮಿಚ್ಕೋವ್ ಏಳನೆಯವನಾಗಿ ಫಿಲಡೆಲ್ಫಿಯಾಗೆ ಹೋದ, ಅಂದುಕೊಂಡದ್ದಕ್ಕಿಂತ ಎರಡು ವರ್ಷ ಮೊದಲೇ ಬಂದ, 63 ಪಾಯಿಂಟ್ ತೆಗೆದ. ರೈನ್‌ಬಾಕರ್ ಮೊಣಕಾಲಿಗೆ ಪೆಟ್ಟಾಗಿ ಅದೇ ಸೀಸನ್‌ನ ಬಹುಪಾಲು ಹೊರಗೆ ಕೂತ. ಮಿಚ್ಕೋವ್ ಬೇಕಿತ್ತು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಡ್ರಾಫ್ಟ್ ಆದ ರಾತ್ರಿಯೇ ರೈನ್‌ಬಾಕರ್‌ಗೆ ಸೋಶಿಯಲ್ ಮೀಡಿಯಾದಲ್ಲಿ ಬೈಗುಳ ಸುರಿಯಿತು. ಅವನು ಮಾಡಿದ ತಪ್ಪೇನು? ತನ್ನ ಹೆಸರು ಕರೆದಾಗ ಎದ್ದು ನಿಂತದ್ದು. ಅಜ್ಜ ಆ ಸುದ್ದಿ ಓದಿ ಪೇಪರ್ ಮಡಿಸಿಟ್ಟು, "ಮತ್ತೆ ಶುರುವಾಯ್ತು" ಅಂದರು.

2024ರದ್ದು ಖುಷಿಯ ರಾತ್ರಿ. ಮತ್ತೆ ಐದನೇ ಆಯ್ಕೆ. ನಮ್ಮ ಮೂವರಿಗೂ ಬೇಕಿದ್ದದ್ದು ಒಬ್ಬನೇ, ಇವಾನ್ ಡೆಮಿಡೋವ್. ಅವನು ಐದರವರೆಗೆ ಉಳಿಯೋದು ಕನಸು ಅಂದುಕೊಂಡಿದ್ದೆವು. ಮೂರನೇ ಆಯ್ಕೆಯಲ್ಲಿ ಅನಾಹೈಮ್ ಬೆಕೆಟ್ ಸೆನೆಕೆ ಹೆಸರು ಕರೆದಾಗ ಮಗ ನನ್ನ ಕೈ ಹಿಡಿದುಕೊಂಡ. ನಾಲ್ಕನೆಯದಕ್ಕೆ ಕೊಲಂಬಸ್ ಕೇಡನ್ ಲಿಂಡ್‌ಸ್ಟ್ರಂ ಅಂದಾಗ ಅಜ್ಜ ಎದ್ದು ನಿಂತರು. ಲಾಸ್ ವೇಗಸ್‌ನ ಸ್ಟೇಜ್ ಮೇಲೆ ಗಾಯಕಿ ಸೆಲಿನ್ ಡಿಯೋನ್ ಬಂದು ಡೆಮಿಡೋವ್ ಹೆಸರು ಹೇಳಿದರು. ಅಜ್ಜನ ಕಣ್ಣು ಒದ್ದೆಯಾಗಿತ್ತು. ಡೆಮಿಡೋವ್‌ಗಾ, ಸೆಲಿನ್‌ಗಾ ಅಂತ ನಾನು ಕೇಳಲಿಲ್ಲ. 2025ರ ಏಪ್ರಿಲ್ 14ರಂದು ಡೆಮಿಡೋವ್ ಬೆಲ್ ಸೆಂಟರ್‌ನಲ್ಲಿ ಮೊದಲ ಪಂದ್ಯ ಆಡಿದ. ಒಂದು ಗೋಲು, ಒಂದು ಅಸಿಸ್ಟ್.

2025ರ ಜೂನ್ 28ರ ಶನಿವಾರ ಬೆಳಿಗ್ಗೆ ಅಜ್ಜ ಬರುತ್ತಾರೋ ಇಲ್ಲವೋ ಅಂದುಕೊಂಡಿದ್ದೆ. ಮೊದಲ ಸುತ್ತಿನ ಎರಡೂ ಆಯ್ಕೆ ಹೋಗಿದ್ದವಲ್ಲ. ಅವರು ಮೊದಲೇ ಬಂದು ಬಾಗಿಲು ತಟ್ಟಿದರು. 2022ರ ಹಟ್ಸನ್ ಆದ ಮೇಲೆ ನಮ್ಮ ಮನೆಯಲ್ಲಿ ಎರಡನೇ ಸುತ್ತಿಗೆ ಯಾರೂ ಬಟ್ಟೆ ಮಡಿಸುವುದಿಲ್ಲ. ಹ್ಯೂಸ್ 41 ಮತ್ತು 49 ಎರಡನ್ನೂ ಕ್ಯಾರೊಲೈನಾಗೆ ಕೊಟ್ಟು 34ಕ್ಕೆ ಹತ್ತಿದರು. ಕರೆದ ಹೆಸರು ಅಲೆಕ್ಸಾಂಡರ್ ಝರೋವ್ಸ್ಕಿ. ರಷ್ಯಾದ ಉಫಾ ಕಡೆಯ ವಿಂಗರ್.

ಅಜ್ಜ ಜೇಬಿನಿಂದ ನಿನ್ನೆಯ ಚೀಟಿ ತೆಗೆದರು. ಐದರಲ್ಲಿ ಆ ಹೆಸರಿರಲಿಲ್ಲ. ನನ್ನದರಲ್ಲೂ ಇರಲಿಲ್ಲ. ಮಗ ಆಗಲೇ ಲ್ಯಾಪ್‌ಟಾಪ್‌ನಲ್ಲಿ ವಿಡಿಯೋ ಹುಡುಕಿ ಹಾಕಿದ್ದ. ನಾನು ಬಾಯಿ ತೆರೆಯುವ ಮೊದಲೇ ಮಗ ಹೇಳಿದ. "ಇದು ಜೂನಿಯರ್ ಲೀಗ್, ಅಮ್ಮ. ಎದುರಿಗೆ ಇರೋರೂ ಹುಡುಗರೇ. ಅದನ್ನ ಇಟ್ಕೊಂಡು ನೋಡಿ."

ಅಜ್ಜ ಕನ್ನಡಕ ಒರೆಸಿಕೊಂಡು ಕುರ್ಚಿ ಹತ್ತಿರ ಎಳೆದರು. ಚೀಟಿ ತಿರುಗಿಸಿ, ಹಿಂದಿನ ಖಾಲಿ ಜಾಗದಲ್ಲಿ ಹೆಸರು ಬರೆದರು, ಪಕ್ಕದಲ್ಲಿ ತಾರೀಕು ಹಾಕಿದರು. "ಇನ್ನೊಂದು ಸಲ ಮೊದಲಿಂದ ಹಾಕು" ಅಂದರು.